ಮೌನವೂ ದಿವ್ಯಪರೀಕ್ಷೆಯೂ

“ನಿರಪರಾಧಿಯಾದವನು ಪೋಲೀಸರೆದುರು ಬಾಯ್ಮುಚ್ಚುವದೇಕೆ?” ಎಂದು ಕೇಳುವ ಸಜ್ಜನರು ಸುಶಿಕ್ಷಿತರಲ್ಲಿಯೇ ಹೆಚ್ಚು. ಮೌನವೇ ತಪ್ಪೊಪ್ಪಿಗೆಯೆಂಬದು ಇವರ ತರ್ಕ. ಹೆಸರಿನಲ್ಲಿ ‘ಚೋರ’ಶಬ್ದವಿದೆಯೆಂದು ಸಂಡೂರು ತಾಲ್ಲೂಕಿನ ಚೋರನೂರಿನವರನ್ನೆಲ್ಲ ಇವರು ಕಳ್ಳರೆಂದು ಸಾಧಿಸಿದರೂ ಆಶ್ಚರ್ಯವಿಲ್ಲ!

ಪರಕೀಯರ ಸರ್ಕಾರಕ್ಕೂ ತನ್ನ ಪೋಲೀಸರಲ್ಲಿ ಇಷ್ಟು ಶ್ರದ್ಧೆಯಿರಲಿಲ್ಲ. ಅವರೆದುರಿನ ತಪ್ಪೊಪ್ಪಿಗೆಯು ಪ್ರಮಾಣವಾಗದೆಂದು 1872ರ ಸಾಕ್ಷ್ಯಶಾಸನವೇ ವಿಧಿಸಿತು. ಅದರ ಸ್ಥಾನಕ್ಕೆ ಬಂದ 2023ರ ಅಧಿನಿಯಮವೂ ಅದನ್ನೇ ಅನುಸರಿಸಿದೆ.

ಯಾಜ್ಞವಲ್ಕ್ಯನು ತುಲೆ, ಅಗ್ನಿ, ಜಲ, ವಿಷ, ಕೋಶಗಳೆಂಬ ಐದು ದಿವ್ಯಗಳನ್ನು ಹೇಳಿರುವನು; ಕಲ್ಯಾಣದ ವಿಜ್ಞಾನೇಶ್ವರನು ಮಿತಾಕ್ಷರೆಯಲ್ಲಿ ಅವನ್ನು ವಿವರಿಸಿರುವನು. ಆದರೆ ಲೇಖ್ಯ, ಭುಕ್ತಿ, ಸಾಕ್ಷಿಗಳಾವುವೂ ಇಲ್ಲದಾಗ ಮಾತ್ರವೇ ಆ ಪ್ರಾಚೀನರು ದಿವ್ಯಕ್ಕೆ ಕೈಯಿಕ್ಕುತ್ತಿದ್ದರು. ನಮ್ಮ ಕಾಲದ ಬೆಂಗಳೂರಿನಲ್ಲಾದರೋ ಹೊಸದೊಂದು ವಿಷದಿವ್ಯವು ಹುಟ್ಟಿತು! ಆಪಾದಿತನ ರಕ್ತನಾಳಕ್ಕೆ ಸೋಡಿಯಂ ಪೆಂಟೊಥಾಲ್ ಎಂಬ ಮದ್ದನ್ನು ಚುಚ್ಚಿ, ಮಂಪರಿನಲ್ಲಿ ಅವನು ಬಡಬಡಿಸಿದ್ದನ್ನೇ ಸತ್ಯವೆಂದು ಬರೆದುಕೊಂಡರು. ಮಂಪರಿನಲ್ಲಿ ಕಲ್ಪನೆಯೂ ಸತ್ಯವೂ ಬೆರೆಯುವವೆಂಬದನ್ನು ಅರಿಯಲು ವೈದ್ಯನೇ ಬೇಕೆ?

ಸೆಲ್ವಿ ಮತ್ತು ಕರ್ನಾಟಕ ಸರ್ಕಾರದ ವ್ಯಾಜ್ಯದಲ್ಲಿ 2010ನೆಯ ಮೇ 5ರಂದು ಸರ್ವೋಚ್ಚ ನ್ಯಾಯಾಲಯವು ಈ ಮದ್ದನ್ನೂ, ಸುಳ್ಳುಪತ್ತೆಯ ಯಂತ್ರವನ್ನೂ, ಮೆದುಳಿನ ಪರೀಕ್ಷೆಯನ್ನೂ ಸಮ್ಮತಿಯಿಲ್ಲದೆ ಪ್ರಯೋಗಿಸಕೂಡದೆಂದು ತೀರ್ಪಿತ್ತಿತು. ಆಪಾದಿತನನ್ನು ತನಗೇ ವಿರುದ್ಧವಾಗಿ ಸಾಕ್ಷಿಯಾಗೆಂದು ಬಲಾತ್ಕರಿಸಲಾಗದೆಂಬ ಸಂವಿಧಾನದ 20ನೆಯ ವಿಧಿಯು ಠಾಣೆಯೊಳಗೂ ಸಲ್ಲುವದೆಂದಿತು.

“ಕಳ್ಳನಿಗೇಕೆ ಈ ರಕ್ಷೆ?” ಎನ್ನುವರು. ಕಳ್ಳನೆಂದು ನಿರ್ಣಯಿಸಿದವರಾರು? ಠಾಣೆಯ ದಫೇದಾರನೇ? ತನ್ನನ್ನೇ ಅಪರಾಧಕ್ಕೆ ಸಿಲುಕಿಸುವ ಪ್ರಶ್ನೆಗೆ ಉತ್ತರಿಸಬೇಕಾಗಿಲ್ಲವೆಂದು 2023ರ ನಾಗರಿಕ ಸುರಕ್ಷಾ ಸಂಹಿತೆಯ 180ನೆಯ ಪ್ರಕರಣವಿದೆ. ಬಂಧಿತನು ವಿಚಾರಣೆಯ ನಡುವೆ ತನ್ನ ವಕೀಲನನ್ನು ಕಾಣಬಹುದೆಂದು 38ನೆಯದು ಹೇಳುವದು. ವಿಚಾರಣೆಯುದ್ದಕ್ಕೂ ಅಲ್ಲವೆಂಬ ಕೊಂಕನ್ನು ಮಾತ್ರ ಅದರ ಬಾಲಕ್ಕೆ ಕಟ್ಟಿರುವರು.