ತಡಬಡಿಸುವುದು ಮುಳುಗುವುದಲ್ಲ

ಕಳೆದ ಬೋಧನಾಭ್ಯಾಸದ ಅವಧಿಯಲ್ಲಿ ವೀಕ್ಷಣಾ ಪುಸ್ತಕಗಳಲ್ಲಿ ನಾನು ಬರೆದ ಎರಡು ಷರಾಗಳ ಬಗ್ಗೆ ಇಲ್ಲಿ ಹೇಳಬೇಕಾಗಿದೆ. ಎರಡೂ ಇಂಗ್ಲಿಷ್ ಪಾಠಗಳಿಗೆ ಸಂಬಂಧಿಸಿದವು. ಎರಡೂ ತಪ್ಪಾಗಿದ್ದವು ಎಂದು ಈಗ ಅನ್ನಿಸುತ್ತಿದೆ.

ಮೊದಲ ಪಾಠದಲ್ಲಿ ಪ್ರಶಿಕ್ಷಣಾರ್ಥಿಯೊಬ್ಬರು 'ಫ್ಲೌಂಡರ್' ಎಂಬ ಕ್ರಿಯಾಪದವನ್ನು ಪರಿಚಯಿಸಿ, ಕಪ್ಪುಹಲಗೆಯ ಮೇಲೆ 'ಒದ್ದಾಡು' ಎಂದು ಅರ್ಥ ಬರೆದರು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಮಿಸ್, ಡಿಕ್ಷನರಿಯಲ್ಲಿ ಅದು ಮೀನು ಅಂತ ಇದೆ" ಎಂದಳು. "ಹೌದಮ್ಮ, ನೀರಿನಿಂದ ಹೊರಗೆ ತೆಗೆದ ಮೀನು ಒದ್ದಾಡುತ್ತದಲ್ಲ, ಅದರಿಂದಲೇ ಈ ಪದ ಬಂತು" ಎಂದು ಅವರು ತಟ್ಟನೆ ಉತ್ತರಿಸಿದರು. ಮಕ್ಕಳು ತಲೆಯಾಡಿಸಿದರು. 'ಸಮಯಸ್ಫೂರ್ತಿ ಚೆನ್ನಾಗಿದೆ' ಎಂದು ನಾನು ಬರೆದೆ.

ಮತ್ತೊಂದು ಪಾಠದಲ್ಲಿ ಬೇರೊಬ್ಬರಿಗೆ ಇಂಥದ್ದೇ ಅನಿರೀಕ್ಷಿತ ಪ್ರಶ್ನೆ ಬಂತು. ಅವರು ತಡವರಿಸಿದರು, ಪಾಠಯೋಜನೆಯ ಹಾಳೆ ತಿರುವಿದರು, ಕೊನೆಗೆ "ನನಗೆ ಖಚಿತವಾಗಿ ಗೊತ್ತಿಲ್ಲ, ನಾಳೆ ನೋಡಿಕೊಂಡು ಬಂದು ಹೇಳುತ್ತೇನೆ" ಎಂದರು. ಅವರ ಪುಸ್ತಕದಲ್ಲಿ 'ಫ್ಲೌಂಡರ್ಡ್' ಎಂದು ಬರೆದು ಅಂಕ ಕಡಿಮೆ ಮಾಡಿದೆ.

ಆ ಪದವನ್ನು ನಾನು ನಿಘಂಟುಗಳಲ್ಲಿ ನೋಡಿದ್ದು ಆಮೇಲೆ. ಮೀನಿನ ಕಥೆ ಅಲ್ಲಿ ನಿಲ್ಲುವುದಿಲ್ಲ. ಫ್ಲೌಂಡರ್ ಎಂಬುದು ನಮ್ಮ ಕರಾವಳಿಯ ನಂಗಿನಂತೆ ಚಪ್ಪಟೆಯಾದ ಮೀನು, ನಿಜ. ಆದರೆ ಆ ಹೆಸರು ನಾರ್ಮನ್ ಫ್ರೆಂಚಿನ ಮೂಲಕ, ಬಹುಶಃ ಸ್ಕ್ಯಾಂಡಿನೇವಿಯದ ಕಡೆಯಿಂದ ಬಂದದ್ದು. ಕ್ರಿಯಾಪದ ಪ್ರತ್ಯೇಕವಾಗಿ 16ನೆಯ ಶತಮಾನದ ಕೊನೆಯ ಭಾಗದಲ್ಲಿ ಬಳಕೆಗೆ ಬಂತು. ಅದರ ಮೂಲದ ಬಗ್ಗೆ ಇರುವುದು ಊಹೆಗಳು ಮಾತ್ರ: 'ಫೌಂಡರ್' ಎಂಬ ಹಳೆಯ ಕ್ರಿಯಾಪದವೇ ರೂಪ ಬದಲಿಸಿರಬಹುದು, ಅದಕ್ಕೆ 'ಬ್ಲಂಡರ್' ಬೆರೆತಿರಬಹುದು, ಡಚ್ಚಿನ 'ಫ್ಲೊಡರೆನ್' ಪ್ರಭಾವವೂ ಇರಬಹುದು. ನಿಘಂಟುಕಾರರೇ 'ಇರಬಹುದು' ಎನ್ನುವಲ್ಲಿ ನಮ್ಮ ಪ್ರಶಿಕ್ಷಣಾರ್ಥಿ 'ಅದರಿಂದಲೇ' ಎಂದಿದ್ದರು. ಅದನ್ನು ಮೆಚ್ಚಿದವನು ನಾನು.

ಇನ್ನು ಅರ್ಥದ ವಿಷಯ. ಲ್ಯಾಟಿನ್ನಿನಲ್ಲಿ 'ಫುಂಡುಸ್' ಎಂದರೆ ತಳ. 'ಫೌಂಡರ್' ಅದರಿಂದ ಹುಟ್ಟಿದ್ದು. ಹಡಗು ನೀರು ತುಂಬಿ ತಳ ಸೇರುವುದಕ್ಕೂ, ಯೋಜನೆಯೊಂದು ಪೂರ್ತಿ ಕುಸಿಯುವುದಕ್ಕೂ ಆ ಪದ. 'ಫ್ಲೌಂಡರ್' ಹಾಗಲ್ಲ. ಗದ್ದೆಯ ಕೆಸರಿನಲ್ಲಿ ಕಾಲು ಹೂತವನು ಹೆಜ್ಜೆ ಕಿತ್ತಿಡಲು ತಿಣುಕುವುದು, ಸಂದರ್ಶನದಲ್ಲಿ ಉತ್ತರ ತೋಚದೆ ತಡಬಡಿಸುವುದು ಅದರ ಅರ್ಥ. 'ಒದ್ದಾಡು' ಎಂಬ ಒಂದೇ ಪದ ಇಲ್ಲಿ ಸಾಲದು. ಹೊಟ್ಟೆನೋವಿಗೂ ನಾವು ಒದ್ದಾಡುತ್ತೇವೆ. ಇಂಥ ಪದಗಳನ್ನು ವಾಕ್ಯಗಳ ಮೂಲಕವೇ ಕಲಿಸಬೇಕು. ಇಂಗ್ಲಿಷ್ ಬಲ್ಲವರೂ ಈ ಎರಡು ಕ್ರಿಯಾಪದಗಳನ್ನು ಅದಲುಬದಲು ಮಾಡುವುದುಂಟು. ತಡಬಡಿಸುವವರು ಇನ್ನೂ ಮುಳುಗಿಲ್ಲ, ದಡಕ್ಕೆ ಬರಬಲ್ಲರು ಎಂಬುದೇ ವ್ಯತ್ಯಾಸ. ನಾನು ಸರಿಯಾದ ಪದವನ್ನೇ ಬರೆದಿದ್ದೆ. ಅಂಕ ಕೊಡುವಾಗ ಮಾತ್ರ ಅವರು ಮುಳುಗಿದರೆಂದೇ ಎಣಿಸಿದೆ. ಅವರು ಮರುದಿನ ಉತ್ತರ ಹುಡುಕಿ ತಂದು ಮಕ್ಕಳಿಗೆ ಹೇಳಿದರಂತೆ. ಅದನ್ನು ನೋಡಲು ನಾನು ಆ ತರಗತಿಗೆ ಹೋಗಲೇ ಇಲ್ಲ.

'ಗೊತ್ತಿಲ್ಲ' ಎನ್ನುವುದನ್ನೆಲ್ಲ ಮೆಚ್ಚಿದರೆ ಪೂರ್ವಸಿದ್ಧತೆಯೇ ಇಲ್ಲದವರಿಗೆ ಅನುಕೂಲವಾಗುವುದಿಲ್ಲವೇ ಎಂದು ಸಹೋದ್ಯೋಗಿಗಳು ಕೇಳಬಹುದು. ನ್ಯಾಯವಾದ ಪ್ರಶ್ನೆ. ಪಾಠಯೋಜನೆಯಲ್ಲಿರುವ ಪದದ ಅರ್ಥವೇ ಗೊತ್ತಿಲ್ಲದಿದ್ದರೆ ಅದು ಸಿದ್ಧತೆಯ ಕೊರತೆ. ಆದರೆ ಮಗುವಿನ ಕುತೂಹಲ ಯೋಜನೆಯ ಆಚೆಗೆ ಹೋದಾಗ ಉತ್ತರ ಎಷ್ಟು ಬೇಗ ಬಂತು ಎಂದಲ್ಲ, ಎಷ್ಟು ಪ್ರಾಮಾಣಿಕವಾಗಿತ್ತು ಎಂದು ನೋಡಬೇಕು. ಮರುದಿನ ಏನಾಯಿತು ಎಂಬುದೂ ಷರಾದಲ್ಲಿ ಬರಬೇಕು. ಪ್ರಶಿಕ್ಷಣಾರ್ಥಿಗಳೇ, 'ನಾಳೆ ಹೇಳುತ್ತೇನೆ' ಎಂದರೆ ನಾಳೆ ಹೇಳಿಬಿಡಿ. ಆ ಮಾತಿನ ಬೆಲೆ ಅಷ್ಟರ ಮೇಲೆ ನಿಂತಿದೆ.

ಮೊದಲ ಪ್ರಶಿಕ್ಷಣಾರ್ಥಿಗೆ ವಿಷಯ ತಿಳಿಸಿದ್ದೇನೆ, ಎರಡನೆಯವರ ಅಂಕ ತಿದ್ದಿದ್ದೇನೆ. ಆದರೆ ಹಿಂದಿನ ಬೆಂಚಿನ ಆ ಹುಡುಗಿಗೆ ಸರಿಯಾದ ಉತ್ತರ ಇನ್ನೂ ತಲುಪಿಲ್ಲ. ಬೋಧನಾಭ್ಯಾಸ ಮುಗಿದು ನಾವು ಆ ಶಾಲೆಯಿಂದ ಬಂದುಬಿಟ್ಟಿದ್ದೇವೆ.