ಬಯಲುಸೀಮೆಯ ಕಡಲು

ಮಾಲ್ಡೀವ್ಸ್ ಎಂಬ ಪುಟ್ಟ ದೇಶದ ಸುತ್ತಲೂ ಕಡಲು. ಅಲ್ಲಿನವರ ಊಟಕ್ಕೆ ಅಕ್ಕಿ, ಗೋಧಿ ಹಡಗಿನಲ್ಲಿ ಬರಬೇಕು. ಮೀನಿಗೆ ಮಾತ್ರ ಯಾರ ಹಂಗೂ ಇಲ್ಲ. ಹೊಸಕೋಟೆ ತಾಲ್ಲೂಕಿನ ಸೂಲಿಬೆಲೆಯದು ಇದಕ್ಕೆ ತದ್ವಿರುದ್ಧ. ರಾಗಿ ಊರ ಹೊಲದಲ್ಲೇ ಬೆಳೆಯುತ್ತದೆ. ಕಡಲ ಮೀನು ಮಾತ್ರ ಮಂಜುಗಡ್ಡೆಯಲ್ಲಿ ಮಲಗಿ, ಘಟ್ಟ ಹತ್ತಿ ಬರಬೇಕು. ಮುದ್ದೆಗೆ ತಾಜಾ ಮೀನಿನ ಸಾರು ಬೇಕೆಂದರೆ ಈ ಸೀಮೆಗೆ ಕೆರೆಯೇ ಗತಿ.

ಆದರೆ ಕೆರೆಯಲ್ಲಿ ನೀರಿದ್ದ ಮಾತ್ರಕ್ಕೆ ಕಾಟ್ಲಾ, ರೋಹು ತಾವಾಗಿ ಹುಟ್ಟುವುದಿಲ್ಲ. ಅವು ಮೊಟ್ಟೆಯಿಡುವುದು ಹರಿಯುವ ಹೊಳೆಯಲ್ಲಿ. 1957ರಲ್ಲಿ ಒಡಿಶಾದಲ್ಲಿ ವಿಜ್ಞಾನಿ ಹೀರಾಲಾಲ್ ಚೌಧುರಿ ಮತ್ತು ಸಂಗಡಿಗರು ಬೇರೆ ಮೀನಿನ ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ, ಗೆಂಡೆ ಮೀನುಗಳು ನಿಂತ ನೀರಿನಲ್ಲೇ ಮೊಟ್ಟೆಯಿಡುವಂತೆ ಮಾಡಿದರು. ಬಯಲುಸೀಮೆಯ ಕೆರೆಗಳಿಗೆ ಮೀನುಮರಿ ಸಲೀಸಾಗಿ ಸಿಗತೊಡಗಿದ್ದು ಆ ಸೂಜಿಮದ್ದಿನ ದೆಸೆಯಿಂದ.

ಮರಿ ಸಿಕ್ಕಿತು, ನೀರು? ಈ ಕಡೆ ವರ್ಷವಿಡೀ ಹರಿಯುವ ಹೊಳೆಯಿಲ್ಲ. ಮಳೆ ಬಿದ್ದು, ಕಾಲುವೆ ಹರಿದು, ಕೆರೆ ತುಂಬಿದರೆ ಮರಿ ಬಿಡಬಹುದು. ಅವು ಕಿಲೋ ತೂಗಲು ಸುಮಾರು ಒಂದು ವರ್ಷ ಬೇಕು. ನಡುವೆ ನೀರು ಬತ್ತಿದರೆ ಎಳೆಮೀನನ್ನೇ ಬಲೆಗೆ ಹಾಕಿ, ಕೇಳಿದ ಬೆಲೆಗೆ ಮಾರಬೇಕು. ಗುತ್ತಿಗೆ ಹಿಡಿದವನ ದುಡ್ಡೂ ಕೆಸರಿನ ಪಾಲು. ಕೊರವ ಮೀನು ಗಾಳಿ ಕುಡಿದು ಕೆಸರಿನಲ್ಲೂ ಕೆಲಕಾಲ ಜೀವ ಹಿಡಿದೀತು. ಕಾಟ್ಲಾಕ್ಕೆ ಆ ವಿದ್ಯೆ ಬಾರದು.

ಕಾಲುವೆಗೆ ಮಣ್ಣು ತುಂಬಿ ಸೈಟು ಮಾಡುವವರು ಮುಚ್ಚುವುದು ನೀರಿನ ದಾರಿಯನ್ನಷ್ಟೇ ಅಲ್ಲ. ಭಾನುವಾರದ ಸಾರಿನ ಗಡಿಗೆಯನ್ನೂ ಅವರೇ ಕವುಚಿ ಹಾಕುತ್ತಾರೆ.