ಚೆಂಡು ನಮ್ಮದು, ಹುಂಡಿ ಯಾರದು?

ಕ್ರಿಕೆಟ್ ಶ್ರೀಮಂತರ ಆಟ, ದುಡಿಯುವವನಿಗೆ ಅದರ ಗೊಡವೆ ಏಕೆ ಎಂದು ನಮ್ಮ ಮಿತ್ರರಲ್ಲೇ ಕೆಲವರು ಮೂಗು ಮುರಿಯುವುದುಂಟು. ಈ ಮಾತನ್ನು ನಾವು ಒಪ್ಪುವುದಿಲ್ಲ. ಬಿಳಿಯ ದೊರೆಗಳು ತಂದ ಆಟವೇ ಇರಬಹುದು. ಆದರೆ ಇಂದು ಹೊಸಪೇಟೆಯ ಓಣಿಗಳಲ್ಲಿ, ಕಂಪ್ಲಿಯ ಕೊಯಿಲಾದ ಗದ್ದೆಗಳಲ್ಲಿ, ಸಂಡೂರಿನ ಕೆಂಪು ಧೂಳಿನಲ್ಲಿ, ಹಂಪಿಯ ಬಂಡೆಗಳ ನಡುವೆ ನಮ್ಮ ಹುಡುಗರು ಆಡುತ್ತಿರುವುದು ಇದನ್ನೇ. ಪಾಳಿ ಮುಗಿಸಿ ಬಂದವನು ಚಹದಂಗಡಿಯ ಮುಂದೆ ನಿಂತು ಮೊದಲು ಕೇಳುವುದು ಸ್ಕೋರನ್ನು. ನಮ್ಮ ಜಗಳ ಆಟದೊಡನೆ ಅಲ್ಲ, ಅದರ ಹುಂಡಿಯ ಬೀಗದಕೈ ಹಿಡಿದವರೊಡನೆ.

ಲೆಕ್ಕ ನೋಡಿ. 2022ರಲ್ಲಿ ಕ್ರಿಕೆಟ್ ಮಂಡಳಿ ಐಪಿಎಲ್ ಪಂದ್ಯಗಳ ಐದು ವರ್ಷದ ಪ್ರಸಾರ ಹಕ್ಕನ್ನು 48,390 ಕೋಟಿ ರೂಪಾಯಿಗೆ ಮಾರಿತು. ಪಂದ್ಯವೊಂದಕ್ಕೆ ಸುಮಾರು 118 ಕೋಟಿ. ಎಸೆತವೊಂದಕ್ಕೆ 49 ಲಕ್ಷ! ಗಣಿಯಲ್ಲಿ ಹಾರೆ ಹಿಡಿದವನು ಜೀವಮಾನವೆಲ್ಲ ದುಡಿದರೂ ಒಂದು ಎಸೆತದ ಬೆಲೆ ಕೂಡಿಡಲಾರ. ಈ ಹಣವೇನು ಆಕಾಶದಿಂದ ಉದುರಿತೆ? ಹಕ್ಕು ಕೊಂಡ ಕಂಪನಿ ಅದನ್ನು ಚಂದಾದಿಂದ, ಜಾಹೀರಾತಿನಿಂದ ವಸೂಲು ಮಾಡುತ್ತದೆ. ಜಾಹೀರಾತು ಕೊಟ್ಟ ಧಣಿ ಅದನ್ನು ಸೋಪಿನ, ಬಣ್ಣದ, ಬಿಸ್ಕತ್ತಿನ ಬೆಲೆಗೆ ಸೇರಿಸುತ್ತಾನೆ. ಆ ಸೋಪನ್ನು ನಮ್ಮ ಚಿಲ್ಲರೆ ವ್ಯಾಪಾರಿ ಮಾರುತ್ತಾನೆ, ಕೂಲಿಯವನ ಹೆಂಡತಿ ಕೊಳ್ಳುತ್ತಾಳೆ. ಬೆಲೆ ಏರಿತೆಂದು ಬೈಗುಳ ತಿನ್ನುವವನು ಮಾತ್ರ ಅಂಗಡಿಯವನೇ.

ಹೀಗೆ ಕಂದಾಯ ಕಟ್ಟಿದವರಿಗೆ ಬಂದದ್ದೇನು? ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣ ನಿಂತಿರುವುದು ಸರ್ಕಾರ ಗುತ್ತಿಗೆಗೆ ಕೊಟ್ಟ ನೆಲದ ಮೇಲೆ. 2025ರ ಜೂನ್ 4ರಂದು ಗೆದ್ದ ತಂಡವನ್ನು ನೋಡಲು ಅದರ ಬಾಗಿಲಿಗೆ ಹೋದವರಲ್ಲಿ 11 ಮಂದಿ ಕಾಲ್ತುಳಿತಕ್ಕೆ ಸಿಕ್ಕಿ ಸತ್ತರು. ಒಳಗೆ ಸಂಭ್ರಮ ನಡೆದೇ ಇತ್ತು.

ನಮ್ಮ ಊರಿನ ಹೆಸರನ್ನೂ ಇವರು ಅಂಗಡಿಗಿಟ್ಟರು. ಕರ್ನಾಟಕ ಪ್ರೀಮಿಯರ್ ಲೀಗಿನಲ್ಲಿ 'ಬಳ್ಳಾರಿ ಟಸ್ಕರ್ಸ್' ಎಂಬ ತಂಡವಿತ್ತು. (ಆಗ ನಾವೆಲ್ಲ ಒಂದೇ ಜಿಲ್ಲೆಯವರು.) 2019ರಲ್ಲಿ ಅದು ಆಡಿದ್ದು ಬೆಂಗಳೂರು ಮೈಸೂರುಗಳಲ್ಲಿ, ನಮಗೆ ಬಂದದ್ದು ಹೆಸರಿನ ಹಂಗು ಮಾತ್ರ. ಅದೇ ನವೆಂಬರಿನಲ್ಲಿ, ಅಂತಿಮ ಪಂದ್ಯದಲ್ಲಿ ಹಣ ಪಡೆದು ನಿಧಾನವಾಗಿ ಆಡಿದರೆಂಬ ಆರೋಪದ ಮೇಲೆ ಅದರ ಇಬ್ಬರು ಆಟಗಾರರನ್ನು ಪೊಲೀಸರು ಹಿಡಿದರು. ಆರೋಪ ನಿಜವೋ ಸುಳ್ಳೋ, ವಿಚಾರಣೆಗೇ ಬರಲಿಲ್ಲ. ಪಂದ್ಯ ಫಿಕ್ಸಿಂಗು ದಂಡಸಂಹಿತೆಯ ವಂಚನೆಯ ಕಲಮಿಗೆ ಸೇರದೆಂದು 2022ರ ಜನವರಿಯಲ್ಲಿ ಹೈಕೋರ್ಟು ಮೊಕದ್ದಮೆಯನ್ನೇ ರದ್ದು ಮಾಡಿತು. ತಕ್ಕಡಿಯಲ್ಲಿ ಐವತ್ತು ಗ್ರಾಂ ಕಡಿಮೆ ತೂಗಿದ ವರ್ತಕನಿಗೆ ಕಾನೂನುಂಟು, ಲಕ್ಷಾಂತರ ಜನರ ಕಣ್ಣಿಗೆ ಮಣ್ಣೆರಚುವುದಕ್ಕೆ ಕಲಮಿಲ್ಲ. ಶಾಸನಸಭೆಯವರು ಏನು ಮಾಡುತ್ತಿದ್ದಾರೆ?

ಸುಧಾರಣೆ ಆಗಿದೆಯಲ್ಲ ಎನ್ನುತ್ತಾರೆ. ಆಗಿತ್ತು. 2016ರ ಜುಲೈನಲ್ಲಿ ಸುಪ್ರೀಂ ಕೋರ್ಟು ಲೋಧಾ ಸಮಿತಿಯ ಶಿಫಾರಸುಗಳನ್ನು ಬಹುಮಟ್ಟಿಗೆ ಒಪ್ಪಿತು: ರಾಜ್ಯಕ್ಕೊಂದೇ ಮತ, ಮಂತ್ರಿಗಳಿಗೆ ಜಾಗವಿಲ್ಲ, ಅವಧಿ ಮುಗಿದರೆ ಕುರ್ಚಿ ಬಿಡಬೇಕು. 2018ರಲ್ಲಿ ಮತದ ನಿಯಮ ಸಡಿಲಿತು, ಕುರ್ಚಿಯ ನಿಯಮ 2018ರಲ್ಲೊಮ್ಮೆ, 2022ರಲ್ಲಿ ಮತ್ತೊಮ್ಮೆ. ಈಗ ರಾಜ್ಯ ಸಂಸ್ಥೆಯಲ್ಲಿ ಆರು, ಮಂಡಳಿಯಲ್ಲಿ ಆರು, ಒಟ್ಟು 12 ವರ್ಷ ಎಡೆಬಿಡದೆ ಕೂತಿರಬಹುದು. ನಮ್ಮ ಗುತ್ತಿಗೆ ಕಾರ್ಮಿಕನಿಗೆ 12 ತಿಂಗಳ ಭರವಸೆ ಕೊಡುವವರಿಲ್ಲ.

2018ರಲ್ಲಿ ಸಂಡೂರು ತಾಲ್ಲೂಕಿನ ತೋರಣಗಲ್ಲಿನ ಬಳಿ ಜೆಎಸ್‌ಡಬ್ಲ್ಯು ಸಮೂಹ ಕುಸ್ತಿ, ಬಾಕ್ಸಿಂಗ್, ಜೂಡೋ, ಓಟಗಳಿಗೆ ಶಾಲೆ ತೆರೆಯಿತು. ಒಳ್ಳೆಯದೇ, ಇಲ್ಲವೆನ್ನುವುದಿಲ್ಲ. ಅದೇ ವರ್ಷ ಆ ಸಮೂಹ ದೆಹಲಿಯ ಐಪಿಎಲ್ ತಂಡದಲ್ಲಿ ಅರ್ಧ ಪಾಲನ್ನೂ ಕೊಂಡಿತು. ಅದಿರು ಸಂಡೂರಿನದು, ಕ್ರಿಕೆಟ್ ದೆಹಲಿಯದು!

ನಾವು ಕೇಳುವುದು ಹೆಚ್ಚೇನಲ್ಲ. ಹೊಸಪೇಟೆಗೊಂದು, ಕಂಪ್ಲಿಗೊಂದು, ಸಂಡೂರಿಗೊಂದು ಎಸೆತದ ಬೆಲೆ, ಒಟ್ಟು ಮೂರೇ ಎಸೆತ. ಅದರಲ್ಲಿ ಸಮತಟ್ಟಾದ ಬಯಲು, ಪಿಚ್ಚು, ಬಲೆ, ಕುಡಿಯುವ ನೀರು, ಹೆಣ್ಣುಮಕ್ಕಳಿಗೂ ಮೀಸಲು ಹೊತ್ತು, ಸಂಬಳ ಪಡೆಯುವ ಒಬ್ಬ ಶಿಕ್ಷಕ. ಹಂಪಿಯ ಸುತ್ತ ಕಟ್ಟಡಕ್ಕೆ ಪ್ರಾಧಿಕಾರದ ಅಪ್ಪಣೆ ಬೇಕೆಂಬ ನೆಪ ಬೇಡ. ಬಯಲಿಗೆ ಕಟ್ಟಡ ಬೇಕಿಲ್ಲ. ಖರ್ಚಿನ ಲೆಕ್ಕವನ್ನು ಪ್ರತಿ ತಿಂಗಳು ಊರಿನ ಪುರಸಭೆ, ನಗರಸಭೆಗಳ ಗೋಡೆಗೆ ಅಂಟಿಸಬೇಕು.

ರಾಜ್ಯ ಕ್ರಿಕೆಟ್ ಸಂಸ್ಥೆಗೂ ಎರಡೂ ಜಿಲ್ಲೆಗಳ ಜಿಲ್ಲಾಧಿಕಾರಿಗಳಿಗೂ ಸಲ್ಲಿಸುವ ಮನವಿ ನಮ್ಮ ಕಚೇರಿಯಲ್ಲಿದೆ. ಪಾಳಿ ಬಿಟ್ಟವರು, ಅಂಗಡಿ ಮುಚ್ಚಿದವರು ರಾತ್ರಿ ಒಂಬತ್ತರವರೆಗೆ ಬಂದು ಸಹಿ ಹಾಕಬಹುದು. ಹುಡುಗರನ್ನೂ ಕರೆತನ್ನಿ.